ನೋವು ತಡವಾಗಿ ಬರುವ ಸುಡುಗಾಯ

ಹೋಟೆಲ್, ಬೇಕರಿಗಳ ಓವನ್ ತೊಳೆಯುವ ಕ್ಷಾರ ದ್ರಾವಣ ಜಿಡ್ಡನ್ನು ಕರಗಿಸುವ ರೀತಿಯಲ್ಲೇ ಚರ್ಮವನ್ನೂ ಕಣ್ಣನ್ನೂ ಕರಗಿಸುತ್ತದೆ. ಅದನ್ನು ಬಳಸುವ ಕ್ರಮವನ್ನು ಕೆಲಸಗಾರನಿಗೆ ಕಲಿಸದೆ ಕ್ಯಾನ್ ಕೊಡುವ ಅಭ್ಯಾಸ ನಿಲ್ಲಬೇಕು.

ಕಾದ ಕಾವಲಿಗೆ ಕೈ ತಾಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಯೋಚನೆ ಹುಟ್ಟುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಅಡುಗೆಮನೆಯಲ್ಲಿ ದುಡಿಯುವವರನ್ನು ದಿನವಿಡೀ ಕಾಯುವುದು ಈ ನೋವೇ. ಆದರೆ ಅದೇ ಅಡುಗೆಮನೆಯ ಸಿಂಕಿನ ಕೆಳಗೆ, ಐದು ಲೀಟರಿನ ಕ್ಯಾನಿನಲ್ಲಿರುವ ಓವನ್ ಕ್ಲೀನರ್ ಇಂಥ ಎಚ್ಚರಿಕೆಯನ್ನು ಸಮಯಕ್ಕೆ ಸರಿಯಾಗಿ ಕೊಡುವುದಿಲ್ಲ. ಅದರ ಮುಖ್ಯ ಅಂಶವಾದ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಶೇ 25ರಿಂದ 50ರಷ್ಟಿರುವ ದ್ರಾವಣ ಚರ್ಮದ ಮೇಲೆ ಬಿದ್ದರೂ ಉರಿ ಶುರುವಾಗಲು ಸುಮಾರು ಮೂರು ನಿಮಿಷ ಹಿಡಿಯುತ್ತದೆ. ಶೇ 4ರಷ್ಟು ಇರುವ ತೆಳು ದ್ರಾವಣವಾದರೆ ಹಲವು ಗಂಟೆಗಳೇ ಬೇಕು. ಅಷ್ಟರೊಳಗೆ ಅದು ತನ್ನ ಕೆಲಸ ಮುಂದುವರಿಸಿರುತ್ತದೆ.

ಶುದ್ಧ ಕಾಸ್ಟಿಕ್ ದ್ರಾವಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೋಡಿದರೆ ನೀರು. ಕಣ್ಣು, ಮೂಗು, ಚರ್ಮ ಮೂರೂ ಮೋಸಹೋಗುವ ಇಂಥ ವಸ್ತುವಿನ ಮುಂದೆ ಮನುಷ್ಯನಿಗೆ ಉಳಿಯುವ ರಕ್ಷಣೆ ತಿಳಿವಳಿಕೆಯೊಂದೇ. ಆ ತಿಳಿವಳಿಕೆ ಇರಬೇಕಾದದ್ದು ಮಾಲೀಕನ ಕೋಣೆಯ ಫೈಲಿನಲ್ಲಲ್ಲ; ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಬ್ರಷ್ ಹಿಡಿದು ಓವನ್ನಿನೊಳಗೆ ತಲೆ ಹಾಕುವ ಹುಡುಗನಲ್ಲಿ.

ಜಿಡ್ಡು ಸಾಬೂನಾಗುವ ಬಗೆ

ಓವನ್ನಿನ ಗೋಡೆಗೆ ಹತ್ತಿಕೊಂಡ ಕಂದು ಪದರ ಬರೀ ಎಣ್ಣೆಯಲ್ಲ. ಗ್ರಿಲ್ ಚಿಕನ್ನಿನಿಂದ ಸಿಡಿದ ಕೊಬ್ಬು, ಪಫ್ಸಿನಿಂದ ಸೋರಿದ ವನಸ್ಪತಿ, ಕೇಕಿನ ಬೆಣ್ಣೆ ಎಲ್ಲವೂ ಇನ್ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಮತ್ತೆ ಮತ್ತೆ ಬೇಯುತ್ತವೆ. ಹಾಗೆ ಬೆಂದ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಪಾತ್ರೆ ತೊಳೆಯುವ ಸಾಬೂನು ಹಸಿ ಎಣ್ಣೆಯನ್ನು ಎತ್ತಿಕೊಂಡು ಹೋಗಬಲ್ಲದು, ಹೆಣೆದುಕೊಂಡ ಈ ಪೊರೆಯನ್ನಲ್ಲ. ಎಷ್ಟು ಉಜ್ಜಿದರೂ ಸ್ಟೀಲಿಗೆ ಗೀರು ಬೀಳುತ್ತದೆಯೇ ಹೊರತು ಕರೆ ಹೋಗುವುದಿಲ್ಲ.

ಅಲ್ಲಿ ಬೇಕಾಗುವುದು ಅಣುವಿನ ಬೆಸುಗೆಯನ್ನೇ ಬಿಡಿಸುವ ವಸ್ತು. ಕ್ಷಾರ ಅದನ್ನು ಮಾಡುತ್ತದೆ. ಕೊಬ್ಬಿನ ಮೇಲೆ ಕ್ಷಾರ ಬಿದ್ದಾಗ ಅದು ಒಡೆದು ಒಂದು ಕಡೆ ಗ್ಲಿಸರಿನ್, ಇನ್ನೊಂದು ಕಡೆ ಸಾಬೂನು ಆಗುತ್ತದೆ. ನೀರಿಗೆ ಜಗ್ಗದ ಜಿಡ್ಡು ನೀರಿನಲ್ಲಿ ಕರಗುವ ಸಾಬೂನಾಗಿ ಹರಿದುಹೋಗುತ್ತದೆ. ನಡುವೆ ಸಿಕ್ಕಿಕೊಂಡಿದ್ದ ಮಸಿ ಆಸರೆ ತಪ್ಪಿ ಉದುರುತ್ತದೆ. ಕೊಬ್ಬಿನ ಈ ರಚನೆಯನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರಲ್ 1823ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ನಮ್ಮ ನಾಡಿನಲ್ಲಿ ಇದೇ ಕ್ರಿಯೆ ಒಂದು ಹೆಮ್ಮೆಯ ಉದ್ಯಮವೂ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಸಾಬೂನು ಕಾರ್ಖಾನೆ ಎಣ್ಣೆಗೆ ಕ್ಷಾರ ಬೆರೆಸಿಯೇ ಮೈಸೂರು ಸ್ಯಾಂಡಲ್ ಸೋಪನ್ನು ಮಾಡಿತು. ಕಾರ್ಖಾನೆಯ ಕಡಾಯಿಯಲ್ಲಿ ಅಳೆದು ತೂಗಿ ನಡೆಯುವ ಕ್ರಿಯೆ ಓವನ್ನಿನ ಗೋಡೆಯ ಮೇಲೆ ಅಳತೆಯಿಲ್ಲದೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಇದೇ ಕ್ರಿಯೆ ಕೈಯ ಮೇಲೂ ನಡೆಯುತ್ತದೆ ಎನ್ನುವುದು ಅಪಾಯದ ಮೂಲ. ಚರ್ಮದಲ್ಲಿ ಕೊಬ್ಬಿದೆ, ಪ್ರೋಟೀನ್ ಇದೆ. ಕ್ಷಾರ ಎರಡನ್ನೂ ಕರಗಿಸುತ್ತದೆ. ಕ್ಲೀನರ್ ತಾಗಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರೆ ನುಣುಪಾಗಿ ಜಾರುತ್ತವೆ. ‘ಸೋಪಿನ ಹಾಗೆ ಜಾರುತ್ತೆ, ಏನೂ ಆಗಲ್ಲ’ ಎಂದು ಕೆಲಸಗಾರರು ಹೇಳುವುದುಂಟು. ಅದು ಸೋಪಿನ ಹಾಗೆ ಅಲ್ಲ, ಸೋಪೇ. ಅವರ ಚರ್ಮದ ಕೊಬ್ಬಿನಿಂದ ಆಗಷ್ಟೇ ತಯಾರಾದದ್ದು. ಜಾರಿಕೆ ಗೊತ್ತಾದ ಕ್ಷಣವೇ ನಲ್ಲಿಯ ಕೆಳಗೆ ಕೈ ಹಿಡಿಯಬೇಕಾದ ಕ್ಷಣ. ಉರಿ ಬರಲಿ ಎಂದು ಕಾಯುವುದೆಂದರೆ ಗಾಯ ಆಳವಾಗಲಿ ಎಂದು ಕಾಯುವುದು.

ಆಮ್ಲ ಬಿದ್ದಾಗ ಸಾಮಾನ್ಯವಾಗಿ ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿ ಒಂದು ಗಡುಸು ಪದರವಾಗುತ್ತದೆ. ಆಮ್ಲ ಇನ್ನೂ ಒಳಕ್ಕಿಳಿಯುವುದನ್ನು ಅದು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಅದು ಅಂಗಾಂಶವನ್ನು ದ್ರವವಾಗಿಸುತ್ತಾ ಒಳಗೊಳಗೇ ಇಳಿಯುತ್ತದೆ. ಮೇಲೆ ಸಣ್ಣ ಕಲೆ ಕಂಡರೂ ಕೆಳಗೆ ಗಾಯ ದೊಡ್ಡದಿರಬಹುದು.

ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟುಕೊಂಡವರಿಗೆ ಕ್ಷಾರದ ರುಚಿ ಗೊತ್ತು. ಆದರೆ ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಎರಡು ಗ್ರಾಮಿಗಿಂತಲೂ ಕಡಿಮೆ. ಕಾಸ್ಟಿಕ್ ಸೋಡಾ ಒಂದು ಲೀಟರ್ ನೀರಿನಲ್ಲಿ ಒಂದು ಕಿಲೋಗೂ ಹೆಚ್ಚು ಕರಗುತ್ತದೆ. ಹೋಟೆಲುಗಳಿಗೆ ಮಾರುವ ಕಾಸ್ಟಿಕ್ ಓವನ್ ಕ್ಲೀನರುಗಳಲ್ಲಿ ಅದು ಸಾಮಾನ್ಯವಾಗಿ ಶೇ 5ರಿಂದ 20ರವರೆಗೆ ಇರುತ್ತದೆ. ಶೇ 10ರ ದ್ರಾವಣವೊಂದರಲ್ಲಿ ಕ್ಷಾರದ ಅಂಶ ತಿಳಿ ಸುಣ್ಣದ ನೀರಿನದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು. ಯುರೋಪಿನ ನಿಯಮದ ಪ್ರಕಾರ ಶೇ 2 ದಾಟಿದ ದ್ರಾವಣವೇ ಚರ್ಮವನ್ನು ತೀವ್ರವಾಗಿ ಸುಡುವ ವರ್ಗಕ್ಕೆ ಸೇರುತ್ತದೆ; ಶೇ 5 ಮುಟ್ಟಿದರೆ ಆ ವರ್ಗದಲ್ಲೇ ಅತ್ಯಂತ ಕಠಿಣವಾದ ಪಟ್ಟಿಗೆ.

ಕಣ್ಣಿಗೆ ಬಿದ್ದರೆ

ಕೈಗಿಂತ ಕಣ್ಣಿನ ಲೆಕ್ಕ ಬೇರೆ. ಕ್ಷಾರದ ಒಂದು ಹನಿ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು, ನಿಮಿಷಗಳೊಳಗೆ ದಾಟಿ ಕಣ್ಣಿನ ಒಳಭಾಗ ಸೇರಬಲ್ಲದು. ಕಾರ್ನಿಯಾದ ಅಂಚಿನಲ್ಲಿ ಸುತ್ತಲೂ ಇರುವ ಮೂಲಕೋಶಗಳು ಅದರ ಮೇಲ್ಪದರವನ್ನು ಬದುಕಿನುದ್ದಕ್ಕೂ ಹೊಸದಾಗಿ ಕಟ್ಟುತ್ತಿರುತ್ತವೆ. ಕ್ಷಾರ ಆ ಅಂಚನ್ನೇ ಸುಟ್ಟರೆ ಪೊರೆ ಮತ್ತೆ ತಿಳಿಯಾಗುವುದಿಲ್ಲ. ಬಿಳಿಪೊರೆ, ರಕ್ತನಾಳಗಳು ಅದರ ಮೇಲೆ ಹಬ್ಬಿ ದೃಷ್ಟಿ ಮುಚ್ಚುತ್ತದೆ.

ಇಂಥ ಗಾಯಕ್ಕೆ ಒಂದು ಮುಖ್ಯ ಚಿಕಿತ್ಸೆ ನಮ್ಮ ನೆರೆಯ ಹೈದರಾಬಾದಿನಲ್ಲೇ ರೂಪುಗೊಂಡಿತು. ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಪುಟ್ಟ ಚೂರೊಂದನ್ನು ತೆಗೆದು, ಅದನ್ನು ಇನ್ನೂ ಸಣ್ಣ ತುಣುಕುಗಳಾಗಿಸಿ, ಸುಟ್ಟ ಕಣ್ಣಿನ ಮೇಲೆ ಹೊದಿಸಿದ ಪೊರೆಯ ಮೇಲೆ ನೆಡುತ್ತಾರೆ. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ದುಬಾರಿ ಹಂತ ಇದರಿಂದ ತಪ್ಪಿತು. ಅನೇಕರಿಗೆ ಇದರಿಂದ ದೃಷ್ಟಿ ಮರಳಿದೆ. ಆದರೆ ಇದಕ್ಕೆ ಒಂದು ಕಣ್ಣಾದರೂ ಚೆನ್ನಾಗಿ ಉಳಿದಿರಬೇಕು. ಮುಖಕ್ಕೆ ಚಿಮ್ಮಿದ ಕ್ಲೀನರ್ ಎರಡೂ ಕಣ್ಣಿಗೆ ಬಿದ್ದವನಿಗೆ ದಾರಿ ಬಹಳ ಕಿರಿದಾಗುತ್ತದೆ. ಶಸ್ತ್ರಚಿಕಿತ್ಸೆಗಿಂತ ಕನ್ನಡಕ ಎಷ್ಟೋ ಸುಲಭ. ಕನ್ನಡಕ ಎಂದರೆ ಓದುವ ಕನ್ನಡಕವಲ್ಲ. ಬದಿಯಿಂದಲೂ ಹನಿ ನುಗ್ಗದಂತೆ ಮುಖಕ್ಕೆ ಒತ್ತಿ ಕೂರುವ ಕೆಮಿಕಲ್ ಗಾಗಲ್ಸ್.

ಲೇಬಲ್ ಹುಟ್ಟಿದ ಕಥೆ

ಕ್ಷಾರದ ಡಬ್ಬಿಯ ಮೇಲೆ ‘ವಿಷ’ ಎಂದು ಬರೆಯಲೇಬೇಕೆಂಬ ನಿಯಮಕ್ಕಾಗಿ ಒಬ್ಬ ವೈದ್ಯರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅಮೆರಿಕದ ಗಂಟಲು ತಜ್ಞ ಷೆವಾಲಿಯರ್ ಜಾಕ್ಸನ್ ಅವರ ಬಳಿಗೆ ಬರುತ್ತಿದ್ದ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಸ್ವಚ್ಛತೆಗೆಂದು ಇಟ್ಟಿದ್ದ ಕ್ಷಾರವನ್ನು ಸಕ್ಕರೆಯೋ ಹಾಲೋ ಎಂದು ತಿಳಿದು ನುಂಗಿದವರು. ಅನ್ನನಾಳ ಸುಟ್ಟು, ಮಾಯುವಾಗ ಕುಗ್ಗಿ, ನೀರೂ ಇಳಿಯದಂತಾದ ಆ ಮಕ್ಕಳ ಗಂಟಲನ್ನು ಅವರು ಮತ್ತೆ ಮತ್ತೆ ಹಿಗ್ಗಿಸಬೇಕಾಗುತ್ತಿತ್ತು. ಚಿಕಿತ್ಸೆಯೊಂದರಿಂದಲೇ ಇದು ನಿಲ್ಲದು ಎಂದು ಮನಗಂಡ ಜಾಕ್ಸನ್ ಶಾಸನಸಭೆಗಳ ಬಾಗಿಲು ತಟ್ಟಿದರು. ಕೊನೆಗೆ 1927ರಲ್ಲಿ ಅಮೆರಿಕದ ಫೆಡರಲ್ ಕಾಸ್ಟಿಕ್ ಪಾಯ್ಸನ್ ಕಾಯ್ದೆ ಜಾರಿಗೆ ಬಂತು. ಶೇ 10 ಅಥವಾ ಅದಕ್ಕಿಂತ ಹೆಚ್ಚು ಕಾಸ್ಟಿಕ್ ಇರುವ ಡಬ್ಬಿಯ ಮೇಲೆ ‘ವಿಷ’ ಎಂಬ ಮಾತೂ ಆಪತ್ತಿನಲ್ಲಿ ಮಾಡಬೇಕಾದ ಉಪಚಾರವೂ ಇರಲೇಬೇಕೆಂದು ಅದು ವಿಧಿಸಿತು.

ಕಾಯ್ದೆ ಡಬ್ಬಿಯ ಮೇಲಿನ ಮಾತನ್ನು ರಕ್ಷಿಸಬಲ್ಲದು. ಡಬ್ಬಿಯಿಂದ ಬೇರೆ ಪಾತ್ರೆಗೆ ಸುರಿದ ಮೇಲೆ ಆ ಮಾತು ಜೊತೆಗೆ ಹೋಗುವುದಿಲ್ಲ. ಅದೇ ಅಮೆರಿಕದ ಯೂಟಾ ರಾಜ್ಯದ ಒಂದು ರೆಸ್ಟೋರೆಂಟಿನಲ್ಲಿ 2014ರ ಬೇಸಿಗೆಯಲ್ಲಿ ನಡೆದದ್ದು ಇದೇ. ಎಣ್ಣೆ ಕಾಯಿಸುವ ಫ್ರೈಯರ್ ತೊಳೆಯಲೆಂದು ತಂದಿದ್ದ ಕಾಸ್ಟಿಕ್ ಪುಡಿಯನ್ನು ಕೆಲಸಗಾರರೊಬ್ಬರು ಸಕ್ಕರೆ ಎಂದು ತಿಳಿದು ಸಕ್ಕರೆಗೆ ಬೆರೆಸಿದ್ದರು. ಜುಲೈನಲ್ಲಿ ಆ ‘ಸಕ್ಕರೆ’ಯನ್ನು ಬೆರಳ ತುದಿಯಲ್ಲಿ ರುಚಿ ನೋಡಿದ ನೌಕರೆಯೊಬ್ಬರ ನಾಲಿಗೆ ಸುಟ್ಟಿತು. ಆದರೂ ಅದು ಅಡುಗೆಮನೆಯಿಂದ ಹೊರಹೋಗಲಿಲ್ಲ. ಆಗಸ್ಟಿನಲ್ಲಿ ಅದು ಸಿಹಿ ಐಸ್‌ಟೀಗೆ ಬಿದ್ದು, ಒಂದೇ ಗುಟುಕು ಕುಡಿದ ಗ್ರಾಹಕಿಯೊಬ್ಬರ ಬಾಯಿ, ಗಂಟಲು, ಅನ್ನನಾಳ ಸುಟ್ಟವು. ಅವರು ಬದುಕಿ ಉಳಿದರು. ಒಬ್ಬರ ನಾಲಿಗೆ ಸುಟ್ಟ ದಿನವೇ ಆ ‘ಸಕ್ಕರೆ’ಯನ್ನು ಎತ್ತಿ ಹೊರಗಿಟ್ಟಿದ್ದರೆ ಎರಡನೆಯ ಅನಾಹುತ ಆಗುತ್ತಲೇ ಇರಲಿಲ್ಲ.

ನಮ್ಮ ಊರುಗಳಲ್ಲಿ ಇದರ ರೂಪ ಬೇರೆ. ದೊಡ್ಡ ಕ್ಯಾನಿನಿಂದ ಬೇಕಾದಷ್ಟನ್ನು ಖಾಲಿ ನೀರಿನ ಬಾಟಲಿಗೋ ತಂಪುಪಾನೀಯದ ಬಾಟಲಿಗೋ ಬಗ್ಗಿಸಿಕೊಳ್ಳುವುದು, ಮುಚ್ಚಳಕ್ಕೆ ತೂತು ಮಾಡಿ ಚಿಮುಕಿಸುವುದು ಎಲ್ಲ ಕಡೆ ಕಾಣುವ ರೂಢಿ. ಬಾಯಾರಿ ಬಂದ ಇನ್ನೊಬ್ಬ ಕೆಲಸಗಾರನಿಗೆ ಅದು ನೀರು. ಕೆಮಿಕಲ್ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಕಾಸ್ಟಿಕ್ ಫ್ಲೇಕ್ಸ್ ಇನ್ನೂ ಅಪಾಯದ್ದು. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಬಿಳಿ ಚಕ್ಕೆಗಳು ಬರುತ್ತವೆ, ಹೆಸರಿಲ್ಲ, ಸೂಚನೆಯಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳ ನಾಲ್ಕನೆಯ ಅನುಸೂಚಿ ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಸ್ವಚ್ಛತೆಯ ರಾಸಾಯನಿಕಗಳನ್ನು ತಯಾರಕರ ಸೂಚನೆಯಂತೆ ಬಳಸಬೇಕು, ಆಹಾರದಿಂದ ದೂರ ಪ್ರತ್ಯೇಕವಾಗಿ ಇಡಬೇಕು, ಏನೆಂದು ಸ್ಪಷ್ಟವಾಗಿ ಗುರುತಿಸಿದ ಪಾತ್ರೆಯಲ್ಲೇ ಇಡಬೇಕು. ಈ ಒಂದು ನಿಯಮವನ್ನು ಪಾಲಿಸಿದರೇ ಅರ್ಧ ಅಪಾಯ ಇಳಿಯುತ್ತದೆ.

ಲೇಬಲ್ಲಿನ ಮೇಲೆ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಒಂದು ಚಿತ್ರವಿರುತ್ತದೆ. ಎರಡು ಪ್ರನಾಳಗಳಿಂದ ಹನಿ ಬೀಳುತ್ತಿದೆ. ಒಂದರ ಕೆಳಗೆ ಲೋಹದ ಪಟ್ಟಿ ಸವೆಯುತ್ತಿದೆ, ಇನ್ನೊಂದರ ಕೆಳಗೆ ಅಂಗೈ ಸವೆಯುತ್ತಿದೆ. ಇಂಗ್ಲಿಷ್ ಓದಲು ಬಾರದವರಿಗೂ ಈ ಚಿತ್ರ ಅರ್ಥವಾಗುತ್ತದೆ, ಒಮ್ಮೆ ಯಾರಾದರೂ ಬೆರಳಿಟ್ಟು ತೋರಿಸಿದರೆ.

ಕೆಲಸದ ಕ್ರಮ

ಮೊದಲ ನಿಯಮ ತಾಳ್ಮೆ. ಓವನ್ ಆರಬೇಕು. ಕಾವು ಹೆಚ್ಚಿದ್ದಷ್ಟೂ ಕ್ಷಾರ ಬೇಗ ಕೆಲಸ ಮಾಡುತ್ತದೆ, ಅದು ನಿಜ. ಬೇಗ ಮುಗಿಸಿ ಮಲಗಬೇಕಾದವನಿಗೆ ಬಿಸಿ ಓವನ್ನಿಗೇ ಸ್ಪ್ರೇ ಹೊಡೆಯುವ ಆಸೆ ಸಹಜ. ಆದರೆ ಕಾದ ಸ್ಟೀಲಿಗೆ ಬಿದ್ದ ದ್ರಾವಣದ ನೀರು ಕ್ಷಣದಲ್ಲಿ ಆವಿಯಾಗಿ ಏಳುತ್ತದೆ. ಜೊತೆಗೆ ಕ್ಷಾರದ ಸೂಕ್ಷ್ಮ ಹನಿಗಳನ್ನೂ ಎತ್ತಿಕೊಂಡು ಬರುತ್ತದೆ. ಗಂಟಲು ಹಿಡಿದು ಕೆಮ್ಮು ಬರುವುದು ಆಗ. ಕೆಲಸದ ಜಾಗದ ಗಾಳಿಯಲ್ಲಿ ಕಾಸ್ಟಿಕ್ ಒಂದು ಘನ ಮೀಟರಿಗೆ 2 ಮಿಲಿಗ್ರಾಂ ದಾಟಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಚಿಕ್ಕ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅಷ್ಟು ಮಂಜು ಏಳಲು ಹೆಚ್ಚು ಹೊತ್ತು ಬೇಡ. ಎಷ್ಟು ಬಿಸಿಯಲ್ಲಿ ಬಳಸಬಹುದೆಂದು ಲೇಬಲ್ ಹೇಳುತ್ತದೆ, ಅದನ್ನು ಮೀರಬಾರದು. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಬೇಕು, ಓವನ್ನಿನೊಳಗಿನ ಫ್ಯಾನ್ ನಿಂತಿರಬೇಕು. ಗ್ಯಾಸ್ ಕವಾಟ ಮುಚ್ಚಿ, ವಿದ್ಯುತ್ತಿನ ಮುಖ್ಯ ಸ್ವಿಚ್ ಆರಿಸಿಯೇ ಕೆಲಸಕ್ಕೆ ಇಳಿಯಬೇಕು. ಹತ್ತಿರದಲ್ಲಿ ಹಿಟ್ಟು, ಹಾಲು, ತೆರೆದ ಪಾತ್ರೆ ಇರಬಾರದು.

ಕೈಗೆ ಬೇಕಾದದ್ದು ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್, ನಿಯೋಪ್ರೀನ್ ಅಥವಾ ಪಿವಿಸಿ ಗವಸು. ಸ್ಯಾಂಡ್‌ವಿಚ್ ಕಟ್ಟುವಾಗ ಹಾಕುವ ತೆಳು ಪ್ಲಾಸ್ಟಿಕ್ ಗವಸು ಇಲ್ಲಿ ಏನೂ ಕಾಯುವುದಿಲ್ಲ. ಅದು ಹರಿದರೆ ದ್ರಾವಣ ಒಳಗೆ ಸೇರಿ ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ. ಓವನ್ನಿನ ಸೂರು ತಿಕ್ಕುವಾಗ ಗಮನಿಸಿ: ಬ್ರಷ್ ಎತ್ತಿ ಹಿಡಿದಾಗ ನೊರೆ ಹಿಡಿಕೆಯ ಗುಂಟ ಇಳಿದು, ಗವಸಿನ ಬಾಯೊಳಗೆ ನುಗ್ಗಿ, ಮೊಣಕೈಗೆ ಹೋಗಿ ನಿಲ್ಲುತ್ತದೆ. ಗವಸಿನ ಅಂಚನ್ನು ಹೊರಕ್ಕೆ ಎರಡು ಬೆರಳಿನಷ್ಟು ಮಡಿಸಿದರೆ ಆ ಹನಿ ಮಡಿಕೆಯಲ್ಲೇ ನಿಲ್ಲುತ್ತದೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಸ್ಪ್ರೇ ಮಾಡಲೇಬಾರದು. ಸೂರಿಗೆ ಬ್ರಷ್ಷಿನಿಂದಲೋ ಸ್ಪಾಂಜಿನಿಂದಲೋ ಹಚ್ಚಬೇಕು. ರಬ್ಬರ್ ಅಥವಾ ಪಿವಿಸಿ ಏಪ್ರನ್, ಮುಚ್ಚಿದ ಬೂಟು, ಬೂಟಿನ ಹೊರಗೆ ಇಳಿದ ಪ್ಯಾಂಟು ಇರಲಿ. ಪ್ಯಾಂಟನ್ನು ಬೂಟಿನೊಳಗೆ ಸಿಕ್ಕಿಸಿದರೆ ಮೇಲಿಂದ ಬಿದ್ದದ್ದೆಲ್ಲ ಪಾದಕ್ಕೆ ಹೋಗುತ್ತದೆ. ಉಂಗುರ, ವಾಚು, ಮಣಿಕಟ್ಟಿನ ದಾರ ತೆಗೆದಿಡಬೇಕು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಆ ದಾರ ಕ್ಷಾರವನ್ನು ಹೀರಿಕೊಂಡರೆ ತೊಳೆದ ಮೇಲೂ ಮಣಿಕಟ್ಟನ್ನು ಸುಡುತ್ತಲೇ ಇರುತ್ತದೆ.

ನೀರು ಬೆರೆಸಿ ತೆಳುಮಾಡಬೇಕಾದ ಸರಕಾದರೆ ತಣ್ಣೀರಿಗೆ ಕ್ಷಾರವನ್ನು ಸ್ವಲ್ಪಸ್ವಲ್ಪವೇ ಸೇರಿಸಬೇಕು. ಕ್ಷಾರದ ಮೇಲೆ ನೀರು ಸುರಿಯಬಾರದು, ಬಿಸಿನೀರು ಬಳಸಲೇಬಾರದು. ಕಾಸ್ಟಿಕ್ ಕರಗುವಾಗ ಹೊಮ್ಮುವ ಶಾಖ ದೊಡ್ಡದು. ಚಕ್ಕೆಗಳ ಮೇಲೆ ನೀರು ಬಿದ್ದರೆ ಅಲ್ಲೇ ಕುದಿದು ಮುಖಕ್ಕೆ ಸಿಡಿಯುತ್ತದೆ.

ಬೇಕರಿಯವರು ನೆನಪಿಡಬೇಕಾದ ಇನ್ನೊಂದು ಸಂಗತಿ ಅಲ್ಯೂಮಿನಿಯಂ. ಬನ್ನಿನ ಟ್ರೇ, ಬ್ರೆಡ್ಡಿನ ಅಚ್ಚು, ಕೇಕ್ ಟಿನ್ನು ಹಲವೆಡೆ ಅಲ್ಯೂಮಿನಿಯಮ್ಮಿನವು. ಆ ಲೋಹವನ್ನು ಗಾಳಿ, ನೀರಿನಿಂದ ಕಾಯುವ ತೆಳು ಆಕ್ಸೈಡ್ ಪದರವನ್ನು ಕ್ಷಾರ ಮೊದಲು ಕರಗಿಸುತ್ತದೆ, ಆಮೇಲೆ ಲೋಹವನ್ನೇ ತಿನ್ನುತ್ತದೆ. ಆಗ ಟ್ರೇಯ ಮೇಲೆ ಗುಳ್ಳೆಗಳು ಏಳುತ್ತವೆ. ‘ಕೊಳೆ ಬಿಡ್ತಾ ಇದೆ’ ಎಂದು ನೋಡುವವರಿಗೆ ಖುಷಿಯಾಗುತ್ತದೆ. ಆ ಗುಳ್ಳೆ ಹೈಡ್ರೋಜನ್. ಒಂದು ಗ್ರಾಂ ಅಲ್ಯೂಮಿನಿಯಂ ಪೂರ್ತಿ ಕರಗಿದರೆ ಸುಮಾರು ಒಂದೂಕಾಲು ಲೀಟರ್ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಅದಕ್ಕೆ ಬೆಂಕಿ ಹತ್ತಬಲ್ಲದು. ಸತುವಿನ ಲೇಪವಿರುವ ಜಿಐ ತಗಡೂ ಹೀಗೆಯೇ. ಕಾಸ್ಟಿಕ್ ಕ್ಲೀನರ್ ಸ್ಟೀಲಿಗೆ ಮತ್ತು ಎನಾಮಲ್ಲಿಗೆ. ಅಲ್ಯೂಮಿನಿಯಂ ಟ್ರೇಗೆ ಬೇರೆ ಸೌಮ್ಯ ದ್ರಾವಣ ಇರಬೇಕು. ಉಳಿದ ಕ್ಲೀನರನ್ನು ಅಲ್ಯೂಮಿನಿಯಂ ದಬರಿಯಲ್ಲಿ ಎತ್ತಿಡುವುದಂತೂ ಕೂಡದು.

ಇನ್ನು ತೊಳೆಯುವುದು. ಕೊಳೆ ಹೋದರೆ ಕೆಲಸ ಮುಗಿಯಲಿಲ್ಲ, ಕ್ಷಾರವೂ ಹೋಗಬೇಕು. ಮೂಲೆ, ಬಾಗಿಲ ರಬ್ಬರಿನ ಸಂದು, ಟ್ರೇ ಕೂರುವ ಕಂಬಿ ಇವುಗಳಲ್ಲಿ ಅದು ಅಡಗುತ್ತದೆ. ಮತ್ತೆ ಮತ್ತೆ ಹೊಸ ನೀರು, ಹೊಸ ಬಟ್ಟೆ ಬೇಕು. ಪಿಎಚ್ ಪಟ್ಟಿಯನ್ನು ಕೊನೆಯ ತೊಳೆನೀರಿಗೆ ಅದ್ದಿದಾಗ ನಲ್ಲಿಯ ನೀರಿನ ಬಣ್ಣವೇ ಬಂದರೆ ಸರಿ. ಪಟ್ಟಿ ಇಲ್ಲದ ಚಿಕ್ಕ ಬೇಕರಿಯಲ್ಲಿ ಅಡುಗೆಮನೆಯ ಅರಿಶಿನವೇ ಆಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದು ಎಲ್ಲರೂ ನೋಡಿರುವ ಸಂಗತಿ. ಅದು ಕ್ಷಾರದ ಗುರುತು. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿಟ್ಟುಕೊಂಡು, ಓವನ್ನಿನ ಒದ್ದೆ ಮೂಲೆಗೆ ಒತ್ತಿದರೆ ಸಾಕು. ಹಳದಿ ಕೆಂಪಿಗೆ ತಿರುಗಿದರೆ ಇನ್ನೂ ತೊಳೆಯಬೇಕು. ಪರೀಕ್ಷೆಯ ನಂತರ ಆ ಜಾಗ ಒರೆಸಿ, ಖಾಲಿ ಓವನ್ ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ಆಹಾರ ಇಡಬಹುದು.

ಬೆರೆಸಬಾರದ ಜೋಡಿಗಳು

ಒಂದು ದ್ರಾವಣ ಸಾಲದೆನಿಸಿದಾಗ ಇನ್ನೊಂದನ್ನೂ ಸೇರಿಸಿ ನೋಡುವ ಬುದ್ಧಿ ಅಡುಗೆಯಲ್ಲಿ ಒಳ್ಳೆಯದು, ಸ್ವಚ್ಛತೆಯಲ್ಲಿ ಪ್ರಾಣಕ್ಕೆ ಕುತ್ತು. ಗಡಸುನೀರಿನ ಬಿಳಿ ಕಲೆ ತೆಗೆಯುವ ಆಮ್ಲ ಮತ್ತು ಜಿಡ್ಡು ತೆಗೆಯುವ ಕ್ಷಾರ ಸೇರಿದರೆ ಥಟ್ಟನೆ ಕಾದು ಸಿಡಿಯುತ್ತವೆ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್ಟನ್ನಿನ ರೆಸ್ಟೋರೆಂಟೊಂದರಲ್ಲಿ 2019ರ ನವೆಂಬರಿನಲ್ಲಿ ಅಡುಗೆಮನೆಯ ನೆಲಕ್ಕೆ ಚೆಲ್ಲಿದ್ದ ಆಮ್ಲದ ಕ್ಲೀನರ್ ಮೇಲೆ, ಅದು ಗೊತ್ತಿಲ್ಲದ ಇನ್ನೊಬ್ಬರು ಬ್ಲೀಚ್ ಹಾಕಿ ತೊಳೆಯತೊಡಗಿದರು. ದ್ರವ ಹಸಿರಾಗಿ ಗುಳ್ಳೆಯೆದ್ದಿತು. ಅದನ್ನು ಹೊರಕ್ಕೆ ತಳ್ಳಲು ಮುಂದಾದ ಮ್ಯಾನೇಜರ್ ಅನಿಲ ಸೇವಿಸಿ ಸತ್ತರು. ಹತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿ ಯಾರೂ ಬೇಕೆಂದು ಬೆರೆಸಿರಲಿಲ್ಲ. ಒಬ್ಬರು ಚೆಲ್ಲಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಹಾಗಾಗಿ ಆಮ್ಲ, ಕ್ಷಾರ, ಬ್ಲೀಚ್ ಮೂರಕ್ಕೂ ಬೇರೆ ಬೇರೆ ಕಪಾಟು, ಬೇರೆ ಬೇರೆ ಬಣ್ಣದ ಬ್ರಷ್ ಮತ್ತು ಬಕೆಟ್ಟು ಇರಬೇಕು. ಏನು ಚೆಲ್ಲಿದರೂ ಮೊದಲು ಕೂಗಿ ಹೇಳಬೇಕು.

ಬಿದ್ದ ಮೇಲೆ ಮೊದಲ ನಿಮಿಷ

ಮೈಮೇಲೆ ಬಿದ್ದರೆ ಮದ್ದು ಒಂದೇ, ನೀರು. ಒಣ ಚಕ್ಕೆಯಾದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ನೀರು ಬಿಡಬೇಕು. ನೆನೆದ ಬಟ್ಟೆ, ಬೂಟು ಅಲ್ಲೇ ಕಳಚಬೇಕು, ನಾಚಿಕೆಗೆ ಅದು ಹೊತ್ತಲ್ಲ. ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹಿಡಿಯಬೇಕು. ಕ್ಷಾರಕ್ಕೆ ಆಮ್ಲ ಮದ್ದು ಎಂದುಕೊಂಡು ನಿಂಬೆರಸ, ವಿನೆಗರ್ ಸುರಿಯುವವರಿದ್ದಾರೆ. ಎರಡೂ ಸೇರಿದಾಗ ಶಾಖ ಹೊಮ್ಮುತ್ತದೆ, ಹುಡುಕಾಡುವುದರಲ್ಲಿ ಹೊತ್ತೂ ಹೋಗುತ್ತದೆ. ತುಪ್ಪ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ ಯಾವುದೂ ಬೇಡ.

ಕಣ್ಣಿಗೆ ಬಿದ್ದರೆ ನೋವಿಗೆ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರು ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಗಡೆಗೆ ನೀರು ಹರಿಯುವಂತೆ ಮೆಲ್ಲಗೆ ಬಿಡಬೇಕು. ಇನ್ನೊಂದು ಕಣ್ಣಿಗೆ ಆ ನೀರು ಹೋಗಬಾರದು. ಕನಿಷ್ಠ ಇಪ್ಪತ್ತು ನಿಮಿಷ. ಈ ಮಧ್ಯೆ ಮತ್ತೊಬ್ಬರು 108ಕ್ಕೆ ಫೋನ್ ಮಾಡಿ, ಕ್ಲೀನರಿನ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಲಿ. ದಾರಿಯಲ್ಲೂ ತೊಳೆಯುತ್ತಲೇ ಹೋಗಬೇಕು. ಆಟೊ ಹಿಡಿದು ಆಸ್ಪತ್ರೆಗೆ ಓಡಿ ಅಲ್ಲಿ ತೊಳೆಸೋಣ ಎಂದರೆ ಉಳಿಸಬಹುದಾಗಿದ್ದ ಕಣ್ಣು ದಾರಿಯಲ್ಲೇ ಕಳೆದುಹೋಗಬಹುದು.

ನುಂಗಿದರೆ ವಾಂತಿ ಮಾಡಿಸಬಾರದು. ಇಳಿಯುವಾಗ ಒಮ್ಮೆ ಸುಟ್ಟದ್ದು ಮೇಲೇರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಯಲ್ಲಿ ಗಾಯ ಕಾಣದಿದ್ದರೂ ಅನ್ನನಾಳ ಸುಟ್ಟಿರಬಹುದು.

ಇವೆಲ್ಲಕ್ಕೂ ನಲ್ಲಿಯಲ್ಲಿ ನೀರಿರಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ಮರೆಯಲಾಗದು. ಓವನ್ ತೊಳೆಯುವುದು ದಿನದ ಕೊನೆಯ ಕೆಲಸ, ಟ್ಯಾಂಕು ಬರಿದಾಗುವ ಹೊತ್ತೂ ಅದೇ. ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ನಲ್ಲಿ ತಿರುಗಿಸಿ ನೋಡಬೇಕು. ನೀರಿಲ್ಲದ ರಾತ್ರಿ ಓವನ್ ಕೊಳಕಾಗಿಯೇ ಇರಲಿ.

ಹೊಣೆ ಯಾರದು

ಈ ಕೆಲಸ ಸಾಮಾನ್ಯವಾಗಿ ಬೀಳುವುದು ಅಡುಗೆಮನೆಯಲ್ಲಿ ಅತಿ ಕಡಿಮೆ ಸಂಬಳದ, ಅತಿ ಹೊಸಬನ ಪಾಲಿಗೆ. ಬೆಂಗಳೂರು, ಮೈಸೂರು, ಮಂಗಳೂರಿನ ಹೋಟೆಲುಗಳಲ್ಲಿ ಅವನು ರಾಯಚೂರಿನವನಿರಬಹುದು, ಒಡಿಶಾ, ಅಸ್ಸಾಂ, ನೇಪಾಳದವನಿರಬಹುದು. ಲೇಬಲ್ ಇಂಗ್ಲಿಷಿನಲ್ಲಿ, ಮೇಲ್ವಿಚಾರಕರ ಆಜ್ಞೆ ಕನ್ನಡದಲ್ಲೋ ಅರೆಬರೆ ಹಿಂದಿಯಲ್ಲೋ. ಅವನು ಕಲಿಯುವುದು ಪಕ್ಕದವನನ್ನು ನೋಡಿ. ಪಕ್ಕದವನೂ ಹಾಗೆಯೇ ಕಲಿತವನು. ಅವನ ಅಜಾಗರೂಕತೆ ಎಂದು ನಾವು ಕರೆಯುವುದು ನಿಜವಾಗಿ ಯಾರೂ ಅವನಿಗೆ ಹೇಳದೆ ಉಳಿದ ಮಾತು.

ಮಾಲೀಕರು ಮಾಡಬಹುದಾದದ್ದು ಬಹಳ ಇದೆ, ಹೆಚ್ಚಿನದು ದುಬಾರಿಯೂ ಅಲ್ಲ. ಪ್ರತಿ ರಾತ್ರಿ ಓವನ್ ಬೆಚ್ಚಗಿರುವಾಗಲೇ ಬಿಸಿನೀರು, ಸಾಧಾರಣ ಡಿಟರ್ಜೆಂಟಿನಲ್ಲಿ ಒರೆಸುವ ಪದ್ಧತಿ ಇದ್ದರೆ ಜಿಡ್ಡು ಗಟ್ಟಿಯಾಗುವುದೇ ಕಡಿಮೆ. ಕಾಸ್ಟಿಕ್ ಬಳಸುವ ದಿನಗಳೂ ಕಡಿಮೆಯಾಗುತ್ತವೆ. ಸೋರುವ ಪದಾರ್ಥದ ಕೆಳಗೆ ಒಂದು ಟ್ರೇ ಇಟ್ಟರೆ ಇನ್ನೂ ಒಳ್ಳೆಯದು. ಬಿಡಿ ಚಕ್ಕೆಯ ಬದಲು ಲೇಬಲ್ ಇರುವ, ಬಳಕೆಗೆ ಸಿದ್ಧವಾದ ದ್ರಾವಣ ಕೊಳ್ಳಬೇಕು. ತಯಾರಕರಿಂದ ಹದಿನಾರು ಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಅದರ ಸಾರವನ್ನು ಹತ್ತು ಸಾಲಿನಲ್ಲಿ, ಕೆಲಸಗಾರನ ಭಾಷೆಯಲ್ಲಿ, ಚಿತ್ರ ಸಹಿತ ಸಿಂಕಿನ ಮೇಲಿನ ಗೋಡೆಗೆ ಅಂಟಿಸಬೇಕು. ಕನ್ನಡ ಬಾರದವನಿಗೆ ಅವನ ನುಡಿಯಲ್ಲೇ ಬರೆಸಬೇಕು. ಓದಲೇ ಬಾರದವನಿಗೆ ಎದುರು ನಿಂತು ಮಾಡಿ ತೋರಿಸಬೇಕು, ಅವನಿಂದ ಮಾಡಿಸಿ ನೋಡಬೇಕು. ರಾತ್ರಿ ಒಬ್ಬನೇ ಈ ಕೆಲಸ ಮಾಡಬಾರದು. ಕಣ್ಣು ಮುಚ್ಚಿಕೊಂಡವನ ರೆಪ್ಪೆ ಬಿಡಿಸಲು ಇನ್ನೊಬ್ಬರು ಬೇಕು. ಆಹಾರ ಸುರಕ್ಷತೆಯ ತಪಾಸಣೆಗೆ ಬರುವ ಅಧಿಕಾರಿಗಳು ಓವನ್ ಹೊಳೆಯುತ್ತಿದೆಯೇ ಎಂದಷ್ಟೇ ನೋಡದೆ, ಅದನ್ನು ಹೊಳೆಯಿಸಿದವನ ಕೈಗಳನ್ನೂ, ಅವನಿಗೆ ಕೊಟ್ಟ ಗವಸು, ಕನ್ನಡಕವನ್ನೂ ಕೇಳಿ ನೋಡಬೇಕು.

ತಿನ್ನುವವರಾಗಿ ನಮಗೂ ಇದರಲ್ಲಿ ಪಾಲಿದೆ. ಶುಚಿಯಾದ ಅಡುಗೆಮನೆ ಬೇಕೆಂದು ಕೇಳುವ ಹಕ್ಕು ನಮಗಿದೆ. ಆ ಶುಚಿ ಯಾರದೋ ಚರ್ಮದ, ಕಣ್ಣಿನ ಬೆಲೆಗೆ ಬರಬಾರದೆಂದು ಕೇಳುವುದೂ ಅದೇ ಹಕ್ಕಿನ ಭಾಗ. ಗಾಗಲ್ಸ್, ದಪ್ಪ ಗವಸು, ಹರಿಯುವ ನೀರು, ಅರ್ಥವಾಗುವ ಭಾಷೆಯಲ್ಲಿ ಲೇಬಲ್, ಜೊತೆಗೊಬ್ಬ ಸಹಕೆಲಸಗಾರ: ಈ ಐದೂ ಇಲ್ಲದ ಅಡುಗೆಮನೆಗೆ ಕಾಸ್ಟಿಕ್ ಕ್ಯಾನ್ ಬರಲೇಬಾರದು.